ತೊಂದರೆಯೇನೂ ಇಲ್ಲ

ಮಾರ್ಚ್ 4

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಆಶೀರ್ವಾದ ಮಾಡುವ ಮನಸ್ಸಿಲ್ಲ. ಕಾಗದ ಹೀಗೆಯೇ ಶುರುವಾಗಬೇಕು ಎಂದು ಅಮ್ಮ ಕಲಿಸಿದ್ದಳಲ್ಲ, ಅದಕ್ಕೆ ಮಾಡಿದ್ದೇನೆ.

ಮದುವೆ ಮುಗಿಯಿತು. ಮಗಳು ಗಂಡನ ಜೊತೆ ಹೊಸ ಮನೆಗೆ ಹೋದಳು. ಬಾಡಿಗೆಗೆ ತಂದ ಕುರ್ಚಿಗಳೂ ಹೋದವು. ನಿನ್ನ ಉಡುಗೊರೆ ಬಂತು, ಅದರ ಮೇಲೆ ನಿನ್ನ ಅಕ್ಷರ ಬಂತು, ನೀನು ಬರಲಿಲ್ಲ. ಅವಳು ಹುಟ್ಟಿದಾಗ ನನಗಿಂತ ಮೊದಲು ಎತ್ತಿಕೊಂಡವನು ನೀನು. ಮದುವೆಯ ದಿನ ಬಾಗಿಲಲ್ಲಿ ಯಾರ ನೆರಳು ಕಂಡರೂ ‘ಮಾಮ ಬಂದ್ರು’ ಎಂದು ಕತ್ತು ಉದ್ದ ಮಾಡುತ್ತಿದ್ದಳು. ಫೋಟೋಗಳಲ್ಲೆಲ್ಲ ಅವಳು ಬಾಗಿಲ ಕಡೆಯೇ ನೋಡುತ್ತಿದ್ದಾಳೆ. ನಿನ್ನ ಭಾವ, ‘ಕ್ರೇನಿನ ಮೇಲೆ ಕೂತು ಕೂತು ನಿನ್ ತಮ್ಮಂಗೆ ನಾವೆಲ್ಲ ಇರುವೆ ಥರ ಕಾಣ್ತೀವೇನೋ’ ಎಂದರು. ತಮಾಷೆಗೆ ಅಂದದ್ದು, ಆದರೆ ಆಮೇಲೆ ಯಾರೂ ನಗಲಿಲ್ಲ.

ಹೋದ ವರ್ಷ ನಿನಗೆ ಆಪರೇಷನ್ ಆದಾಗಲೂ ಹೀಗೆಯೇ ಮಾಡಿದೆ. ಎಲ್ಲ ಮುಗಿದ ಮೇಲೆ ‘ಹೊಟ್ಟೆಯಲ್ಲಿ ಹುಣ್ಣಿತ್ತು, ತೆಗೆದರು, ಈಗ ತೊಂದರೆಯೇನೂ ಇಲ್ಲ’ ಎಂದು ಬರೆದು ಕೈತೊಳೆದುಕೊಂಡೆ. ನಾನು ಬರುತ್ತೇನೆ ಎಂದರೆ ಬೇಡ ಎಂದೆ.

ಫೋನ್ ಮಾಡಿಯೇ ಬೈಯಬಹುದಿತ್ತು. ಇಷ್ಟು ವರ್ಷ ಹೊಲಿಗೆ ಕಾರ್ಖಾನೆಯ ಗದ್ದಲದಲ್ಲಿ ಕೂತು ನನ್ನ ಕಿವಿ ಕೈಕೊಟ್ಟಿದೆ. ಫೋನಿನಲ್ಲಿ ನನ್ನ ಬೈಗುಳ ನಿನಗೆ ಕೇಳಿಸುತ್ತದೆ, ನಿನ್ನ ನೆಪ ನನಗೆ ಕೇಳಿಸುವುದಿಲ್ಲ. ಬರೆದು ಹೇಳು. ಯಾಕೆ ಬರಲಿಲ್ಲ?

ಇಂತು,
ನಿನ್ನ ಅಕ್ಕ

~

ಮಾರ್ಚ್ 19

ಪ್ರೀತಿಯ ಅಕ್ಕನಿಗೆ,

ತಪ್ಪಾಯಿತು. ಮಗಳಿಗೆ ನಾನೇ ಬೇರೆ ಕಾಗದ ಬರೆದಿದ್ದೇನೆ. ಆಗ ಬಂದರಿನಲ್ಲಿ ಹಡಗುಗಳು ಸಾಲುಗಟ್ಟಿ ನಿಂತಿದ್ದವು, ರಜೆ ಸಿಗಲಿಲ್ಲ. ಈಗ ಕೆಲವು ದಿನಗಳಿಂದ ಕ್ರೇನಿನಿಂದ ಇಳಿದಿದ್ದೇನೆ, ಕೆಳಗಡೆ ಹಗುರದ ಕೆಲಸ. ಹೊಟ್ಟೆ ಚೆನ್ನಾಗಿದೆ. ಉಪ್ಪು ಸ್ವಲ್ಪ ಜಾಸ್ತಿ ತಿನ್ನಲು ಹೇಳಿದ್ದಾರೆ, ಅಷ್ಟೇ.

ಮೊನ್ನೆ ಒಂದು ಸರ್ಕಾರಿ ಕಚೇರಿಗೆ ಹೋಗಬೇಕಿತ್ತು. ನೀನು ಹೊಲಿದ ನೀಲಿ ಅಂಗಿಗೆ ಇಸ್ತ್ರಿ ಹಾಕಿ, ಗಡ್ಡ ಬೋಳಿಸಿಕೊಂಡು ಹೋಗಿದ್ದೆ. ಏನು ಕೆಲಸವೆಂದು ಆದ ಮೇಲೆ ಹೇಳುತ್ತೇನೆ. ಒಳಗಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ನಗುನಗುತ್ತಾ ಮಾತಾಡಿದೆವು. ಚೆನ್ನಾಗಿಯೇ ಆಯಿತು ಅನ್ನಿಸುತ್ತದೆ.

ಭಾವನಿಗೆ ಹೇಳು, ಮೇಲಿನಿಂದ ನೋಡಿದರೆ ಇರುವೆಗಳು ತುಂಬಾ ಶಿಸ್ತಾಗಿ ಕೆಲಸ ಮಾಡುತ್ತವೆ. ಅವರನ್ನು ಆ ಗುಂಪಿಗೆ ಸೇರಿಸಲಾರೆ.

ನಿನ್ನ ತಮ್ಮ

~

ಏಪ್ರಿಲ್ 2

ಚಿರಂಜೀವಿ ತಮ್ಮನಿಗೆ ಆಶೀರ್ವಾದಗಳು. ಈ ಸಲ ಮನಸಾರೆ.

ಕಳ್ಳ! ನಮ್ಮ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಸ್ತ್ರಿಯ ತಂಗಿಯನ್ನು ನಿಮ್ಮ ಬೀದಿಗೇ ಮದುವೆ ಮಾಡಿಕೊಟ್ಟಿರುವುದು ನಿನಗೆ ಮರೆತುಹೋಯಿತೇ? ವಾರಕ್ಕೊಮ್ಮೆ ಒಬ್ಬ ಹೆಂಗಸು ಕೈಯಲ್ಲಿ ಚೀಲ ಹಿಡಿದು ನಿನ್ನ ಮನೆಗೆ ಬರುತ್ತಾಳಂತೆ. ಬಂದವಳೇ ಬಾಗಿಲು ಹಾಕಿಕೊಳ್ಳುತ್ತಾಳಂತೆ. ಒಳಗಿನಿಂದ ಅವಳು ಗಟ್ಟಿಯಾಗಿ ನಗುವುದು ಬೀದಿಗೆಲ್ಲ ಕೇಳಿಸುತ್ತದಂತೆ. ಆಮೇಲೆ ನೀಲಿ ಅಂಗಿ, ಇಸ್ತ್ರಿ, ಸರ್ಕಾರಿ ಕಚೇರಿ. ಮದುವೆ ನೋಂದಾಯಿಸುವ ಕಚೇರಿ ಯಾವುದೆಂದು ನನಗೂ ಗೊತ್ತು ಕಣೋ.

ನಮ್ಮ ಮನೆಯ ಮದುವೆಗೆ ಬರದಿದ್ದಕ್ಕೆ ಇದೇ ಕಾರಣವಾಗಿದ್ದರೆ ನಾನು ಎಲ್ಲವನ್ನೂ ಕ್ಷಮಿಸಿದ್ದೇನೆ. ವಯಸ್ಸೆಷ್ಟು, ಏನು ಕೆಲಸ, ಮೊದಲೇ ಮದುವೆಯಾಗಿತ್ತೇ ಎಂದೆಲ್ಲ ನಾನು ಕೇಳುವುದಿಲ್ಲ. ನಿನ್ನ ಭಾವ ಕೇಳುತ್ತಿದ್ದಾರೆ.

ನಲವತ್ತು ದಾಟಿದ ಮೇಲೆ ನಿನಗೊಂದು ಜೊತೆ ಸಿಕ್ಕಿತು ಎಂದು ಮನಸ್ಸು ಎಷ್ಟು ಹಗುರವಾಗಿದೆ ಗೊತ್ತೇ. ನೀನು ಆ ಕ್ರೇನಿನ ಗಾಜಿನ ಗೂಡಿನಲ್ಲಿ ಒಬ್ಬನೇ ಕೂತು, ಕೆಳಗಿಳಿದು ಮನೆಯಲ್ಲೂ ಒಬ್ಬನೇ ಇರುವುದನ್ನು ನೆನೆದರೆ ನನಗೆ ಯಂತ್ರದ ಮುಂದೆ ಸೂಜಿ ತಪ್ಪುತ್ತಿತ್ತು. ಅವಳಿಗೆ ಒಂದು ರವಿಕೆ ಹೊಲಿಯುತ್ತೇನೆ, ಅಳತೆ ಕಳಿಸು.

ನಿನ್ನ ಅಕ್ಕ

~

ಏಪ್ರಿಲ್ 21

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಬಹಳ ದಿನಗಳ ಮೇಲೆ. ಆಮೇಲೆ ಉತ್ತರ ಬರೆಯಲು ಕೂತು ಎರಡು ಸಲ ಹರಿದು ಹಾಕಿದೆ. ನೀನು ಅಲ್ಲಿ ರವಿಕೆಗೆ ಬಟ್ಟೆ ಕತ್ತರಿಸುವ ಮೊದಲೇ ಹೇಳಿಬಿಡುತ್ತೇನೆ.

ಆ ಹೆಂಗಸು ಆಸ್ಪತ್ರೆಯ ನರ್ಸಮ್ಮ. ಮೂವರು ಮೊಮ್ಮಕ್ಕಳಿದ್ದಾರೆ. ಅವರ ಚೀಲದಲ್ಲಿ ಇರುವುದೂ ಚೀಲಗಳೇ, ನನಗಾಗಿ.

ಹೋದ ವರ್ಷ ತೆಗೆದದ್ದು ಹುಣ್ಣನ್ನಲ್ಲ ಅಕ್ಕಾ, ಹುಣ್ಣು ತುಂಬಿದ್ದ ದೊಡ್ಡ ಕರುಳನ್ನೇ. ಉಳಿದ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆಯಿಂದ ಹೊರಗೆ ತಂದು ಹೊಲಿದಿದ್ದಾರೆ. ಸ್ಟೋಮಾ ಅನ್ನುತ್ತಾರೆ. ಗುಲಾಬಿ ಮೊಗ್ಗಿನ ಹಾಗಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವರು ಗುಲಾಬಿ ನೋಡಿ ಬಹಳ ಕಾಲವಾಗಿರಬೇಕು. ಅದರ ಮೇಲೆ ಒಂದು ಚೀಲ ಅಂಟಿಸಿಕೊಳ್ಳಬೇಕು. ತಿಂದದ್ದೆಲ್ಲ ನೀರಾಗಿ ಅಲ್ಲಿಗೆ ಬರುತ್ತದೆ. ತಡೆಯುವುದು ನನ್ನ ಕೈಯಲ್ಲಿಲ್ಲ. ತುಂಬಿದಾಗಲೆಲ್ಲ ಖಾಲಿ ಮಾಡಬೇಕು, ಹಗಲಾಗಲಿ ರಾತ್ರಿಯಾಗಲಿ. ಇದು ಸಾಯುವ ತನಕ ಹೀಗೆಯೇ. ಎಲ್ಲರೂ ಅದಕ್ಕೊಂದು ಹೆಸರಿಡುತ್ತಾರೆ, ನೀನೂ ಇಡು ಎಂದು ನರ್ಸಮ್ಮ ಹೇಳಿದರು. ನಾನು ‘ಸಾಹೇಬರು’ ಎಂದು ಕರೆಯುತ್ತೇನೆ. ಯಾವಾಗ ಬರುತ್ತಾರೆಂದು ಹೇಳುವುದಿಲ್ಲ, ಬಂದರೆ ಎಲ್ಲ ಬಿಟ್ಟು ಎದ್ದು ನಿಲ್ಲಬೇಕು. ನರ್ಸಮ್ಮ ಆ ದಿನ ಬೀದಿಗೆಲ್ಲ ಕೇಳುವಂತೆ ನಕ್ಕದ್ದು ಅದಕ್ಕೇ.

ಹಗುರದ ಕೆಲಸ ಎಂದದ್ದು ಸುಳ್ಳು. ಕೆಲಸವೇ ಇಲ್ಲ. ಕ್ರೇನಿನ ಏಣಿ ಹತ್ತುವಾಗ ಕಟ್ಟಿಕೊಳ್ಳುವ ಬೆಲ್ಟಿನ ಪಟ್ಟಿ ಸರಿಯಾಗಿ ಸ್ಟೋಮಾದ ಮೇಲೆಯೇ ಬಿಗಿಯುತ್ತದೆ. ಬೆಲ್ಟ್ ಇಲ್ಲದೆ ಹತ್ತಲು ಬಿಡುವುದಿಲ್ಲ, ಬಿಡಲೂಬಾರದು. ಆದರೂ ಒಂದು ಸಲ ಸಡಿಲ ಕಟ್ಟಿಕೊಂಡು ಹತ್ತಿದೆ. ಮೇಲೆ ಗಾಜಿಗೆ ಬಿಸಿಲು ಹೊಡೆಯುತ್ತಿತ್ತು. ನನ್ನ ಮೈಯಲ್ಲಿ ಈಗ ನೀರು ನಿಲ್ಲುವುದಿಲ್ಲ. ಕಂಟೇನರ್ ಗಾಳಿಯಲ್ಲಿ ತೂಗುತ್ತಿರುವಾಗ ಕಣ್ಣು ಕತ್ತಲಿಟ್ಟಿತು. ಕೆಳಗೆ ಜನರಿದ್ದರು. ಹೇಗೆ ಇಳಿಸಿದೆನೋ ನನಗೇ ಗೊತ್ತಿಲ್ಲ. ಇಳಿದವನೇ ಮೇಲ್ವಿಚಾರಕನ ಹತ್ತಿರ ಹೋಗಿ, ನನ್ನನ್ನು ಇನ್ನು ಮೇಲಕ್ಕೆ ಕಳಿಸಬೇಡ ಎಂದೆ. ಕೆಳಗಿನ ಕೆಲಸವೆಂದರೆ ಭಾರ ಎತ್ತುವುದು. ಅದೂ ನನಗೆ ಕೂಡದು.

ನೀಲಿ ಅಂಗಿ ಹಾಕಿಕೊಂಡು ಹೋದದ್ದು ಅಂಗವೈಕಲ್ಯ ಭತ್ಯೆಯ ಕಚೇರಿಗೆ. ನಡೆಯಬಲ್ಲಿರಾ ಎಂದು ಕೇಳಿದರು. ನಡೆಯಬಲ್ಲೆ ಎಂದೆ. ಅಡುಗೆ, ಸ್ನಾನ, ಬಟ್ಟೆ? ಎಲ್ಲ ನಾನೇ ಎಂದೆ. ಚೀಲದಿಂದ ತೊಂದರೆ? ಅಕ್ಕಾ, ಅಧಿಕಾರಿ ನನಗಿಂತ ಚಿಕ್ಕವನು. ಅವನ ಮೇಜಿನ ಮೇಲೆ ತಿಂಡಿಯ ಡಬ್ಬಿ ಇತ್ತು. ಅವನ ಮುಂದೆ ಹೇಗೆ ಹೇಳಲಿ? ‘ತೊಂದರೆಯೇನೂ ಇಲ್ಲ, ಅಭ್ಯಾಸ ಆಗಿದೆ’ ಎಂದೆ. ಹೋದ ವಾರ ಉತ್ತರ ಬಂತು. ಅರ್ಜಿದಾರರು ಅಚ್ಚುಕಟ್ಟಾದ ಉಡುಪಿನಲ್ಲಿದ್ದರು, ಲವಲವಿಕೆಯಿಂದ ಉತ್ತರಿಸಿದರು, ಯಾವ ತೊಂದರೆಯನ್ನೂ ಹೇಳಿಕೊಳ್ಳಲಿಲ್ಲ, ಆದ್ದರಿಂದ ಅರ್ಹರಲ್ಲ.

ಮೇಲ್ಮನವಿ ಹಾಕಬಹುದಂತೆ. ನನ್ನನ್ನು ಹತ್ತಿರದಿಂದ ಬಲ್ಲ ಒಬ್ಬರ ಹೇಳಿಕೆ ಬೇಕು. ಹತ್ತಿರದಿಂದ ಬಲ್ಲವರು ಎಂದರೆ ನನಗೆ ಇನ್ನಾರಿದ್ದಾರೆ.

ಮದುವೆಗೆ ಟಿಕೆಟ್ ತೆಗೆದಿದ್ದೆ. ರೈಲು ಹತ್ತಿ ಕೂತೂ ಇದ್ದೆ. ಹೊರಡುವ ಮೊದಲೇ ಚೀಲದ ಅಂಟು ಬಿಟ್ಟಿತು. ಎದುರಿಗಿದ್ದ ತಾಯಿ ಮಗುವಿನ ಮೂಗಿಗೆ ಕರವಸ್ತ್ರ ಹಿಡಿದಳು. ಇಳಿದು ಮನೆಗೆ ನಡೆದುಕೊಂಡೇ ಬಂದೆ, ಬಸ್ಸು ಹತ್ತಲಾಗಲಿಲ್ಲ.

ಭಾವನಿಗೆ ಇದೆಲ್ಲ ಹೇಳಬೇಡ.

ನಿನ್ನ ತಮ್ಮ

~

ಏಪ್ರಿಲ್ 30

ತಮ್ಮಾ,

ಏನು ಬರೆಯಲಿ. ನಿನ್ನ ಕಾಗದ ಓದಿದ ದಿನ ನಾನು ಹೊಲಿದ ಕಾಲರುಗಳೆಲ್ಲ ತಿರುಗುಮುರುಗಾಗಿ ಬಿಚ್ಚಬೇಕಾಯಿತು. ರವಿಕೆ ಎಂದೆನಲ್ಲ, ಅಳತೆ ಕಳಿಸು ಎಂದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ.

ಹೇಳಿಕೆ ಇದರ ಜೊತೆಗಿದೆ. ನನ್ನ ಕೈಲಾದಷ್ಟು ಚೆನ್ನಾಗಿ ಬರೆದಿದ್ದೇನೆ. ಓದಿದವರ ಮನಸ್ಸು ಕರಗಬೇಕು.

‘ಮಾನ್ಯರೇ, ನಾನು ಅರ್ಜಿದಾರನ ಅಕ್ಕ. ನನ್ನ ತಮ್ಮ ಚಿಕ್ಕಂದಿನಿಂದಲೂ ಗಟ್ಟಿ ಜೀವ. ಯಾರ ಮುಂದೆಯೂ ಕೈಚಾಚಿದವನಲ್ಲ. ಇಷ್ಟು ದೊಡ್ಡ ಕಾಯಿಲೆ ಬಂದರೂ ಎದೆಗುಂದದೆ ಮನೆಗೆಲಸ, ಅಡುಗೆ, ಎಲ್ಲವನ್ನೂ ಒಬ್ಬನೇ ನಿಭಾಯಿಸುತ್ತಿದ್ದಾನೆ. ಸದಾ ನಗುಮುಖ. ಇಂಥ ಧೈರ್ಯವಂತನಿಗೆ ನೀವು ನೆರವಾಗದಿದ್ದರೆ ಇನ್ನಾರಿಗೆ ನೆರವಾಗುತ್ತೀರಿ?’

ಭಾವನಿಗೆ ಹೇಳಬೇಡ ಎಂದೆ. ಹೇಳಿಲ್ಲ. ನನ್ನ ಮುಖ ನೋಡಿ ಅವರೇ ಕಾಗದ ತೆಗೆದು ಓದಿಕೊಂಡರು. ಆ ಇರುವೆ ಮಾತು ಆಡಬಾರದಿತ್ತು ಎಂದು ಮಾತ್ರ ಅಂದರು.

ಅಕ್ಕ

~

ಮೇ 9

ಪ್ರೀತಿಯ ಅಕ್ಕನಿಗೆ,

ನಿನ್ನ ಹೇಳಿಕೆಯನ್ನು ನರ್ಸಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ‘ಇದನ್ನ ಹೆಣ್ಣಿನ ಮನೆಯವರಿಗೆ ಕೊಡಿ, ನಾಳೇನೇ ಒಪ್ಕೋತಾರೆ’ ಎಂದರು. ಕಚೇರಿಯವರು ಇದನ್ನು ಓದಿದರೆ ನನ್ನ ಕೈಗೆ ಪದಕ ಕೊಟ್ಟು ಬಾಗಿಲು ತೋರಿಸುತ್ತಾರೆ.

ಸಿಟ್ಟಾಗಬೇಡ. ನಾನು ಕಚೇರಿಯಲ್ಲಿ ಹೇಳಿದ್ದನ್ನೇ ನೀನೂ ಬರೆದಿದ್ದೀಯ. ಒಂದೇ ಮನೆಯಲ್ಲಿ ಬೆಳೆದವರಲ್ಲವೇ ನಾವು. ಮೊಣಕಾಲು ಒಡೆದುಕೊಂಡು ಬಂದರೂ ‘ಏನೂ ಆಗಿಲ್ಲ’ ಎಂದರೆ ತಾನೇ ಅಪ್ಪ ಬೆನ್ನು ತಟ್ಟುತ್ತಿದ್ದದ್ದು.

ಅವರಿಗೆ ಬೇಕಾಗಿರುವುದು ಕೆಟ್ಟ ದಿನ ಹೇಗಿರುತ್ತದೆ ಎಂಬುದಂತೆ. ಅದನ್ನು ನೀನು ನೋಡಿಲ್ಲ. ನೋಡದೆ ಬರೆಯಬೇಡ, ನೋಡಲು ಬರಲೂಬೇಡ. ನನ್ನ ಮನೆ ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ನಿನಗೆ ಇಲ್ಲಿ ನಿದ್ದೆ ಬರುವುದಿಲ್ಲ. ನರ್ಸಮ್ಮ ಬರೆದುಕೊಟ್ಟರೆ ಸಾಕಾಗುವುದೇ ಎಂದು ವಿಚಾರಿಸುತ್ತೇನೆ.

ನಿನ್ನ ತಮ್ಮ

~

ಮೇ 14

ತಮ್ಮಾ,

ಶನಿವಾರ ಬೆಳಗಿನ ರೈಲಿಗೆ ಬರುತ್ತಿದ್ದೇನೆ. ಒಂದು ವಾರ ರಜೆ ಹಾಕಿದ್ದೇನೆ. ಬೇಡವೆಂದು ನೀನು ಕಾಗದ ಬರೆಯುವ ಹೊತ್ತಿಗೆ ನಿನ್ನ ಬಾಗಿಲು ತಟ್ಟುತ್ತಿರುತ್ತೇನೆ.

ಅಕ್ಕ

~

ಮೇ 27

ಅಕ್ಕನಿಗೆ ನಮಸ್ಕಾರಗಳು.

ಕ್ಷೇಮವಾಗಿ ತಲುಪಿದೆ ಎಂದು ಭಾವ ಸಂದೇಶ ಕಳಿಸಿದ್ದರು. ಅವರ ಬೆನ್ನುನೋವು ಈಗ ಹೇಗಿದೆ? ಅದಕ್ಕಾಗಿ ತಾನೇ ಅವಸರದಲ್ಲಿ ಹೊರಟದ್ದು. ಸಂದೇಶದಲ್ಲಿ ಬೆನ್ನಿನ ಸುದ್ದಿಯೇ ಇರಲಿಲ್ಲ.

ನೀನು ಇದ್ದಷ್ಟು ದಿನ ನಿನಗೆ ತುಂಬಾ ಕಷ್ಟ ಕೊಟ್ಟೆ. ಆ ಬೆಳಿಗ್ಗೆ ಆದದ್ದನ್ನು ನೀನು ನೋಡಬಾರದಿತ್ತು. ನೀನು ಬ್ರೆಡ್ಡು ತರುತ್ತೇನೆಂದು ಹೊರಗೆ ಹೋದೆ, ಬೀದಿಯ ಕೊನೆಯಲ್ಲೇ ಅಂಗಡಿ, ಬಹಳ ಹೊತ್ತಾದ ಮೇಲೆ ಬಂದೆ. ಬಂದವಳು ನನ್ನನ್ನು ಮಾತಾಡಿಸದೆ ಹಾಸಿಗೆಯ ಬಟ್ಟೆಗಳನ್ನು ಒಗೆದೆ, ಒಗೆದದ್ದನ್ನೇ ಮತ್ತೆ ಒಗೆದೆ. ನನಗೆ ಎಲ್ಲ ಕೇಳಿಸುತ್ತಿತ್ತು. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ನಾನೇ ಆಗಿದ್ದರೂ ಎರಡು ದಿನ ಮೊದಲೇ ರೈಲು ಹತ್ತುತ್ತಿದ್ದೆ.

ಮೇಲ್ಮನವಿ ಕೈಬಿಡೋಣ ಅಂದುಕೊಂಡಿದ್ದೇನೆ. ವಿಚಾರಣೆಯಲ್ಲಿ ಮೂರು ಜನರ ಮುಂದೆ ಕೂತು ಇದನ್ನೆಲ್ಲ ಬಿಡಿಸಿ ಹೇಳುವುದಕ್ಕಿಂತ ಹೇಗೋ ದಿನ ದೂಡುವುದು ಮೇಲು. ಹೇಳಿಕೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ಇಂತು,
ತಮ್ಮ

~

ಜೂನ್ 4

ತಮ್ಮಾ,

‘ನಮಸ್ಕಾರಗಳು’ ಎಂದು ಬರೆದಿದ್ದೀಯಲ್ಲ, ಅದು ಕಪಾಳಕ್ಕೆ ಹೊಡೆದ ಹಾಗಾಯಿತು.

ನಿನ್ನ ಭಾವನ ಬೆನ್ನು ಗಟ್ಟಿಯಾಗಿದೆ. ಅವರು ಫೋನ್ ಮಾಡಿರಲೇ ಇಲ್ಲ, ನಾನೇ ಕತೆ ಕಟ್ಟಿದೆ. ಆ ಬೆಳಿಗ್ಗೆ ಬೀದಿಗೆ ಹೋದದ್ದು ಬ್ರೆಡ್ಡಿಗಲ್ಲ ಎಂಬುದನ್ನೂ ನೀನು ಸರಿಯಾಗಿಯೇ ಊಹಿಸಿದ್ದೀಯ. ಕೆಳಗೆ ಬರೆದಿದ್ದೇನೆ, ನೀನೇ ಓದು. ಆದರೆ ನಾನು ಬೇಗ ಹೊರಟದ್ದು ಅದಕ್ಕಲ್ಲ.

ಕಸದ ಡಬ್ಬಿ ಖಾಲಿ ಮಾಡಲು ಹೋದೆ. ಹಳೆಯ ಪೇಪರಿನಲ್ಲಿ ಸುತ್ತಿ ಸುತ್ತಿ ಇಟ್ಟಿದ್ದ ಪೊಟ್ಟಣಗಳಿದ್ದವು. ಬಿಚ್ಚಿದೆ. ಹಿಂದಿನ ಮಧ್ಯಾಹ್ನ ನಾನು ಬಡಿಸಿದ ಊಟ, ರಾತ್ರಿ ಬಡಿಸಿದ ಊಟ. ‘ಚೆನ್ನಾಗಿತ್ತು ಅಕ್ಕಾ’ ಎಂದಿದ್ದೆಯಲ್ಲ. ನಾನು ಅಡುಗೆಮನೆಗೆ ಹೋದಾಗಲೆಲ್ಲ ನೀನು ತಟ್ಟೆ ಬರಿದು ಮಾಡುತ್ತಿದ್ದೆ. ಆಮೇಲೆ ಕಣ್ಣಿಟ್ಟು ನೋಡಿದೆ. ನೀನು ನೀರನ್ನೂ ತುಟಿಗೆ ತಗಲಿಸಿ ಕೆಳಗಿಡುತ್ತಿದ್ದೆ. ಉಂಡರೆ ಚೀಲ ತುಂಬುತ್ತದೆ, ಸದ್ದಾಗುತ್ತದೆ, ಅಕ್ಕನ ಮುಂದೆ ಮಾನ ಹೋಗುತ್ತದೆ. ಹೌದೋ ಅಲ್ಲವೋ? ನಾನು ಇರುವ ತನಕ ನೀನು ಉಣ್ಣುವುದಿಲ್ಲ ಎಂದು ತಿಳಿದ ಮೇಲೆ ನಾನು ಹೇಗಿರಲಿ? ನಿನ್ನನ್ನು ಉಪವಾಸ ಕೆಡವಿ ನೋಡಿಕೊಳ್ಳುವ ಆರೈಕೆ ಯಾವ ಸೀಮೆಯದು? ಅದಕ್ಕೇ ಹೊರಟೆ. ನಾನು ಬೀದಿಯ ತಿರುವು ದಾಟಿದ ಕೂಡಲೇ ನೀನು ತಿಂದಿರಬೇಕು ಎಂದುಕೊಂಡು ರೈಲಿನುದ್ದಕ್ಕೂ ಸಮಾಧಾನ ಮಾಡಿಕೊಂಡೆ.

ಅಲ್ಲಿಯೇ, ನಿನ್ನ ಎದುರಿಗೇ ಕೇಳಬೇಕಿತ್ತು. ಬಾಯಿ ಬರಲಿಲ್ಲ.

ಹೇಳಿಕೆ ಬರೆದಿದ್ದೇನೆ. ಮೊದಲು ನೀನು ಓದು. ಬೇಡವೆನ್ನಿಸಿದರೆ ಹರಿದುಬಿಡು, ಏಕೆಂದು ಕೇಳುವುದಿಲ್ಲ.

‘ಮಾನ್ಯರೇ,

ನಾನು ಅರ್ಜಿದಾರನ ಅಕ್ಕ. ಹೋದ ತಿಂಗಳು ಅವನ ಮನೆಯಲ್ಲಿ ಕೆಲವು ದಿನ ಇದ್ದೆ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಅವನು ನೆಮ್ಮದಿಯಾಗಿ ಮಲಗುವುದಿಲ್ಲ. ಚೀಲ ಖಾಲಿ ಮಾಡಲು ಮತ್ತೆ ಮತ್ತೆ ಏಳುತ್ತಾನೆ, ಮಗ್ಗುಲು ಬದಲಿಸಲು ಹೆದರುತ್ತಾನೆ. ಒಂದು ಬೆಳಿಗ್ಗೆ ಚೀಲ ಕಿತ್ತುಬಂದಿತ್ತು. ಹಾಸಿಗೆ, ಬಟ್ಟೆ, ಅವನ ಕೈಗಳು, ನೆಲ, ಎಲ್ಲ ಕಡೆ ಆಗಿತ್ತು. ಹೊಟ್ಟೆಯ ಚರ್ಮ ಬಿಸಿನೀರು ಬಿದ್ದ ಹಾಗೆ ಸುಲಿದಿತ್ತು. ಆ ಒದ್ದೆ ಚರ್ಮಕ್ಕೆ ಹೊಸ ಚೀಲ ಹಿಡಿಯಲಿಲ್ಲ. ಒಂದು ಕಿತ್ತು ಇನ್ನೊಂದು, ಅದನ್ನು ಕಿತ್ತು ಮತ್ತೊಂದು. ಅಷ್ಟು ಹೊತ್ತೂ ಅವನು ನನ್ನ ಕಡೆ ಬೆನ್ನು ಮಾಡಿ ‘ನೀನು ಹೊರಗೆ ಹೋಗು’ ಅನ್ನುತ್ತಿದ್ದ. ವಾಸನೆ ತಡೆಯಲಾರದೆ ನಾನು ನಿಜವಾಗಿಯೂ ಹೋದೆ. ಅವನನ್ನು ಎತ್ತಿ ಆಡಿಸಿದ ಅಕ್ಕ ನಾನು, ಬೀದಿಯ ಚರಂಡಿಯ ಹತ್ತಿರ ಕೂತು ವಾಂತಿ ಮಾಡಿಕೊಂಡೆ. ಜೊತೆಯಲ್ಲಿ ಕೆಲಸ ಮಾಡುವವರು, ಬಸ್ಸಿನಲ್ಲಿ ಪಕ್ಕ ಕೂತವರು ಏನು ಮಾಡಬಹುದು, ನೀವೇ ಯೋಚಿಸಿ.

ನಾಲ್ವರ ಎದುರಿಗೆ ಬರಬೇಕಾದಾಗ ಅವನು ಉಣ್ಣುವುದಿಲ್ಲ, ನೀರು ಕುಡಿಯುವುದಿಲ್ಲ. ನನ್ನ ಎದುರಿಗೂ ಹಾಗೆಯೇ ಮಾಡಿದ. ಒಂದು ಮಧ್ಯಾಹ್ನ ಬಾಗಿಲ ಬಳಿ ಕುಸಿದುಬಿದ್ದ. ಎದ್ದು, ಚಪ್ಪಲಿ ಜಾರಿತು ಎಂದ. ಅವನು ಬರಿಗಾಲಲ್ಲಿದ್ದ.

ನಿಮ್ಮ ಅಧಿಕಾರಿ ಕಂಡ ದಿನ ಅವನು ಅಚ್ಚುಕಟ್ಟಾಗಿದ್ದದ್ದು ನಿಜ. ಆ ಅಂಗಿ ಹೊಲಿದವಳು ನಾನು. ಅದರೊಳಗೆ ಏನಿದೆ ಎಂದು ನನಗೂ ಗೊತ್ತಿರಲಿಲ್ಲ.’

ಇಷ್ಟೇ. ನಿನಗೆ ನೋವಾದರೆ ನನ್ನನ್ನು ಬೈ. ನಮಸ್ಕಾರ ಮಾತ್ರ ಮಾಡಬೇಡ.

ನಿನ್ನ ಅಕ್ಕ

~

ಜುಲೈ 16

ಅಕ್ಕಾ,

ಉತ್ತರ ಬರೆಯದೆ ಇಷ್ಟು ದಿನ ಸತಾಯಿಸಿದ್ದಕ್ಕೆ ಬೈಯಬೇಡ. ಸಿಟ್ಟು ಬಂದಿತ್ತು. ನೀನು ವಾಂತಿ ಮಾಡಿಕೊಂಡದ್ದಕ್ಕಲ್ಲ, ಆ ಪೊಟ್ಟಣ ಬಿಚ್ಚಿದ್ದಕ್ಕೆ. ಮೈ ನೋಡಿದ್ದು ಹೋಗಲಿ, ಹೊಟ್ಟೆಗೆ ತಿನ್ನದೆ ಕಳ್ಳತನ ಮಾಡಿದ್ದನ್ನು ನೋಡಿಬಿಟ್ಟೆಯಲ್ಲ. ಹೇಳಿಕೆಯನ್ನು ಹರಿಯಲು ಎರಡು ಸಲ ಕೈಗೆ ತೆಗೆದುಕೊಂಡೆ. ‘ಅವನು ಬರಿಗಾಲಲ್ಲಿದ್ದ’ ಎಂಬಲ್ಲಿಗೆ ಬಂದಾಗ ಎರಡು ಸಲವೂ ನಗು ಬಂತು. ಹರಿಯಲಾಗಲಿಲ್ಲ. ಕಚೇರಿಗೆ ಕೊಟ್ಟೆ.

ನಿನ್ನೆ ವಿಚಾರಣೆ ಆಯಿತು. ನರ್ಸಮ್ಮ ರಜೆ ಹಾಕಿ ಜೊತೆಗೆ ಬಂದಿದ್ದರು. ದೊಡ್ಡ ಮೇಜು, ಆ ಕಡೆ ಮೂವರು. ನಡುವೆ ಕೂತಿದ್ದವರು ನಿನ್ನ ವಯಸ್ಸಿನ ಹೆಂಗಸು. ಒಂದು ಕಡೆ ಒಬ್ಬ ಡಾಕ್ಟರು, ಇನ್ನೊಂದು ಕಡೆ ಬರೆದುಕೊಳ್ಳುವವರು. ಡಾಕ್ಟರು ನನ್ನ ಹಳೆಯ ಉತ್ತರಗಳನ್ನು ಒಂದೊಂದಾಗಿ ಓದಿದರು. ಆಗ ತೊಂದರೆ ಇಲ್ಲ ಎಂದಿರಿ, ಈಗ ಇದೆ ಅನ್ನುತ್ತಿದ್ದೀರಿ, ಯಾವುದನ್ನು ನಂಬಬೇಕು ಎಂದರು. ದನಿ ಒರಟಾಗಿರಲಿಲ್ಲ.

ನಡುವಿನವರು ನಿನ್ನ ಹೇಳಿಕೆಯನ್ನು ಮುಂದಿಟ್ಟುಕೊಂಡಿದ್ದರು. ಅದನ್ನು ಗಟ್ಟಿಯಾಗಿ ಓದಲಿಲ್ಲ, ಅಷ್ಟು ಪುಣ್ಯ. ಕನ್ನಡಕ ತೆಗೆದು ನನ್ನನ್ನು ನೋಡಿ ಒಂದೇ ಮಾತು ಕೇಳಿದರು.

‘ಇವತ್ತು ಬೆಳಿಗ್ಗೆ ಏನಾದ್ರೂ ತಿಂದಿದೀರಾ?’

ತಿಂದಿದ್ದೇನೆ ಮೇಡಂ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ಪಕ್ಕದಲ್ಲಿ ನರ್ಸಮ್ಮ ಕೂತಿದ್ದರು.

‘ಇಲ್ಲ,’ ಎಂದೆ. ‘ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ.’

‘ಯಾಕೆ?’

‘ಇಲ್ಲಿಗೆ ಬರ್ಬೇಕಿತ್ತಲ್ಲ, ಅದಕ್ಕೆ.’

ಬರೆದುಕೊಳ್ಳುವವರು ಪೆನ್ನು ಕೆಳಗಿಟ್ಟರು. ಆ ಮೌನ ನೋಡಿಕೊಂಡು ನನ್ನ ಹೊಟ್ಟೆಯ ಸಾಹೇಬರು ಬಾಯಿ ಬಿಟ್ಟರು ನೋಡು. ಬರಿಹೊಟ್ಟೆಯಾದರೆ ಗಾಳಿ ಇನ್ನೂ ಜಾಸ್ತಿ. ಕೋಣೆಯ ಆ ಕೊನೆಗೂ ಕೇಳಿಸಿರಬೇಕು. ಬೇರೆ ದಿನವಾಗಿದ್ದರೆ ಕೆಮ್ಮಿ ಮುಚ್ಚುತ್ತಿದ್ದೆ. ನಿನ್ನೆ ಕೆಮ್ಮಲಿಲ್ಲ. ‘ಇದೇ ಅದು. ಇದಕ್ಕೆ ಹೊತ್ತುಗೊತ್ತು ಇಲ್ಲ. ಕ್ರೇನ್ ಮೇಲೂ ಇರಲಿಲ್ಲ’ ಎಂದೆ. ಆಮೇಲೆ ಒಂದರ ಹಿಂದೊಂದು ಬಂತು. ಬೆಲ್ಟು, ಕಣ್ಣು ಕತ್ತಲಿಟ್ಟದ್ದು, ರೈಲು, ಮದುವೆ. ನಾನು ಮದುವೆಯ ವಿಷಯ ಹೇಳುವಾಗ ಡಾಕ್ಟರು ನೀರಿನ ಲೋಟ ನನ್ನ ಕಡೆ ಸರಿಸಿದರು. ಪೂರ್ತಿ ಕುಡಿದೆ.

ತೀರ್ಮಾನ ಅಂಚೆಯಲ್ಲಿ ಬರುತ್ತದಂತೆ. ಹೊರಗೆ ಬಂದ ಮೇಲೆ ನರ್ಸಮ್ಮ ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ, ನನ್ನ ಮುಂದೆ ಕೂತು, ತಟ್ಟೆ ಖಾಲಿಯಾಗುವ ತನಕ ಎದ್ದೇಳಲಿಲ್ಲ. ನಾನು ಉಣ್ಣದ ಕತೆ ಅವರಿಗೂ ಗೊತ್ತು, ನಿನ್ನ ಹೇಳಿಕೆ ಓದಿದ್ದಾರಲ್ಲ.

ನಿನ್ನ ತಮ್ಮ

~

ಆಗಸ್ಟ್ 22

ಅಕ್ಕಾ,

ಬಂತು. ಮಂಜೂರಾಗಿದೆ. ಎರಡು ವರ್ಷಕ್ಕೆ ಮಾತ್ರ, ಆಮೇಲೆ ಮತ್ತೆ ಪರಿಶೀಲನೆಯಂತೆ. ಅಷ್ಟರೊಳಗೆ ಕರುಳು ಚಿಗುರಬಹುದು ಎಂದುಕೊಂಡಿದ್ದಾರೋ ಏನೋ. ಇರಲಿ. ಬಾಡಿಗೆಗೂ ಚೀಲಕ್ಕೂ ಹೆದರದೆ ಇರಬಹುದು. ಬಂದರಿನಲ್ಲಿ ಹೊಸಬರಿಗೆ ಕ್ರೇನ್ ನಡೆಸುವುದನ್ನು ಕಲಿಸುವ ಕೋಣೆಯೊಂದಿದೆ. ಕುರ್ಚಿಯ ಮೇಲೆ ಕೂತು, ಪರದೆಯ ಮುಂದೆ. ವಾರಕ್ಕೆ ಎರಡು ಅರ್ಧ ದಿನ ಬಂದು ನೋಡು ಎಂದು ಮೇಲ್ವಿಚಾರಕ ಹೇಳಿದ್ದಾನೆ. ಭತ್ಯೆಗೆ ಅಡ್ಡಿಯಾಗುವುದಿಲ್ಲವೇ ಎಂದು ಕೇಳಿ ಬರೆಸಿಕೊಂಡು ಆಮೇಲೆ ಹೂಂ ಅನ್ನುತ್ತೇನೆ. ಪಕ್ಕದ ಕೋಣೆಯೇ ಶೌಚಾಲಯ. ಅದನ್ನು ಮೊದಲು ನೋಡಿಕೊಂಡು ಬಂದೆ.

ಮುಂದಿನ ತಿಂಗಳು ನಿಮ್ಮ ಊರಿಗೆ ಬರುತ್ತೇನೆ. ಮಗಳನ್ನೂ ಅಳಿಯನನ್ನೂ ನೋಡಬೇಕು. ಬಚ್ಚಲಿಗೆ ಹತ್ತಿರದ ಕೋಣೆಯಲ್ಲಿ ಹಾಸಿಗೆ ಹಾಕು. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಬೇಕು. ಮುಚ್ಚಳವಿರುವ ಡಬ್ಬಿ ಬೇಕು. ರೈಲಿನಲ್ಲಿ ಶೌಚಾಲಯದ ಪಕ್ಕದ ಸೀಟನ್ನೇ ಕೇಳಿ ತೆಗೆದುಕೊಂಡಿದ್ದೇನೆ. ಟಿಕೆಟ್ ಕೊಡುವವನು, ಅದು ಯಾರಿಗೂ ಬೇಡದ ಸೀಟು ಸಾರ್, ಎಂದು ನನ್ನನ್ನು ಎರಡು ಸಲ ನೋಡಿದ.

ನಿನ್ನ ತಮ್ಮ

~

ಸೆಪ್ಟೆಂಬರ್ 20

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನೀನು ತಲುಪಿದ್ದು ತಿಳಿಯಿತು. ನೀನು ಹೋದ ಮೇಲೆ ಮನೆ ಭಣಭಣ ಅನ್ನುತ್ತಿದೆ. ನಿನ್ನ ಭಾವ ಬಚ್ಚಲಿನಲ್ಲಿ ನಿನಗಾಗಿ ಹೊಡೆದ ಮೊಳೆಗೆ ತಮ್ಮ ಟವಲು ನೇತುಹಾಕಿಕೊಂಡಿದ್ದಾರೆ. ನೀನು ಮತ್ತೆ ಬರುವ ತನಕ ಮಾತ್ರ ಎಂದು ಹೇಳಿದ್ದೇನೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದೆವಲ್ಲ. ಮಗಳು ನಿನಗೆ ಎರಡನೇ ಸಲ ಬಡಿಸಿದ್ದಳು. ನಿನ್ನ ಕೈ ಹೊಟ್ಟೆಯ ಮೇಲೆ ಹೋದದ್ದನ್ನು ನೋಡಿದೆ, ಅಂಗಿಯ ಮೇಲೆ ಒದ್ದೆ ಹರಡಿದ್ದನ್ನೂ ನೋಡಿದೆ. ಹೊಸ ಅಳಿಯ ಎದುರಿಗೇ ಇದ್ದ. ಈಗ ಇವನು ಏನೋ ನೆಪ ಹೇಳಿ ಎದ್ದುಹೋಗುತ್ತಾನೆ, ಮತ್ತೆ ಹೊರಗೆ ಬರುವುದಿಲ್ಲ, ಸಂಜೆಯ ರೈಲಿಗೆ ಹೊರಟುಬಿಡುತ್ತಾನೆ ಎಂದುಕೊಂಡೆ.

ನೀನು ಎದ್ದು ನಿಂತು, ‘ಚೀಲ ಸೋರಿದೆ, ಬದಲಾಯಿಸ್ಕೊಂಡು ಬರ್ತೀನಿ. ನನ್ನ ತಟ್ಟೆ ತೆಗೀಬೇಡಿ, ಊಟ ಇನ್ನೂ ಮುಗಿದಿಲ್ಲ’ ಎಂದೆ. ಎಷ್ಟು ಸಲೀಸಾಗಿ ಅಂದೆ ಎಂದರೆ ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಮಗಳ ಮುಖ ನೋಡಿದೆ.

ನೀನು ಒಳಗೆ ಹೋದ ಮೇಲೆ ಒಂದು ಗಳಿಗೆ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಅಳಿಯ ಬಂದಾಗಿನಿಂದ ನಾಲ್ಕು ಮಾತು ಆಡಿದವನಲ್ಲ, ನೀನೇ ನೋಡಿದ್ದೀಯ. ಅವನು ಎದ್ದ. ಅಡುಗೆಮನೆಗೆ ಹೋಗಿ ಒಂದು ತಟ್ಟೆ ತಂದು, ಆರಿಹೋಗದ ಹಾಗೆ ನಿನ್ನ ತಟ್ಟೆಯ ಮೇಲೆ ಬೋರಲು ಹಾಕಿದ. ಆಮೇಲೆ ತನ್ನ ಜಾಗಕ್ಕೆ ಬಂದು ಕೂತ. ಉಣ್ಣಲಿಲ್ಲ. ಕೈಕಟ್ಟಿ ಕಾಯುತ್ತಾ ಕೂತ. ಅವನನ್ನು ನೋಡಿ ಮಗಳು ತಟ್ಟೆಯಿಂದ ಕೈ ತೆಗೆದಳು, ನಿನ್ನ ಭಾವ ತೆಗೆದರು, ನಾನೂ ತೆಗೆದೆ.

ನೀನು ಬೇರೆ ಅಂಗಿ ಹಾಕಿಕೊಂಡು ಬಂದು, ಮುಚ್ಚಿದ ತಟ್ಟೆ ಎತ್ತಿ, ಬಿಸಿ ಇದೆಯಲ್ಲ ಎಂದು ಕೂತು ಉಣ್ಣತೊಡಗಿದೆ. ಆಗ ನಾವೂ ಉಂಡೆವು.

ನಿನ್ನ ಅಕ್ಕ